ಕಟ್ಟದ ಮನೆಗೆ ದುಡ್ಡು ಕೊಡುವ ಮುನ್ನ: ಅಪಾಯ ಅಳೆಯುವ ಸಮಗ್ರ ಮಾರ್ಗದರ್ಶಿ

ನೆಲದಲ್ಲಿ ಇನ್ನೂ ಪಾಯ ತೋಡಿಲ್ಲ. ಹತ್ತನೇ ಮಹಡಿಯ ಮೂಲೆ ಫ್ಲಾಟ್ ಮಾತ್ರ ಆಗಲೇ ಬುಕ್ ಆಗಿದೆ. ಹೀಗೆ ಬುಕ್ ಮಾಡಿದವರು ತಾವು ಮನೆ ಕೊಂಡಿದ್ದೇವೆ ಅಂದುಕೊಂಡಿರುತ್ತಾರೆ. ನಿಜವಾಗಿ ಅವರು ಬಿಲ್ಡರ್‌ಗೆ ಸಾಲ ಕೊಟ್ಟಿದ್ದಾರೆ. ಆ ಸಾಲ ಮನೆಯ ರೂಪದಲ್ಲಿ ವಾಪಸ್ ಬರಬೇಕು, ಅಷ್ಟೇ.

ಅದೇ ಬಿಲ್ಡರ್‌ಗೆ ಬ್ಯಾಂಕ್ ಸಾಲ ಕೊಡುವಾಗ ಏನು ಮಾಡುತ್ತದೆ ನೋಡಿ. ಜಮೀನು ಅಡಮಾನ ಬರೆಸಿಕೊಳ್ಳುತ್ತದೆ. ಡೈರೆಕ್ಟರುಗಳ ಜಾಮೀನು ಕೇಳುತ್ತದೆ. ಕೆಲಸ ಆದಷ್ಟೇ ಹಣ ಬಿಡುತ್ತದೆ. ನಾವು ಜೀವಮಾನದ ಉಳಿತಾಯ ಕೊಡುವಾಗ ಕೇಳುವುದು ಟೈಲ್ಸ್ ಯಾವ ಕಂಪನಿಯದು, ಈಜುಕೊಳ ಎಷ್ಟು ದೊಡ್ಡದು ಅಂತ. ಸಾಲ ಕೊಡುವವರ ಕಣ್ಣಿನಿಂದ ಈ ವ್ಯವಹಾರವನ್ನು ನೋಡುವುದು ಹೇಗೆ ಅನ್ನುವುದೇ ಈ ಬರಹದ ವಿಷಯ. ಕಟ್ಟುವ ಮೊದಲೇ ಕೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಜನಕ್ಕೆ ಇದು ಒಳ್ಳೆಯ ವ್ಯವಹಾರವೇ ಆಗಿದೆ. ಆದರೆ ಅಪಾಯಕ್ಕೆ ತಕ್ಕ ಬೆಲೆ ಸಿಗುತ್ತಿದೆಯಾ ಅಂತ ನೋಡದೆ ಸಹಿ ಹಾಕಬಾರದು.

ಹೆಜ್ಜೆ 1: ಎಷ್ಟು ತಡವನ್ನು ತಾಳಿಕೊಳ್ಳಬಲ್ಲಿರಿ?

ಬಿಲ್ಡರ್ ಬಗ್ಗೆ ವಿಚಾರಿಸುವ ಮೊದಲು ನಿಮ್ಮನ್ನೇ ವಿಚಾರಿಸಿಕೊಳ್ಳಿ. ಮೂರು ವರ್ಷ ಅಂದದ್ದು ಐದು ವರ್ಷವಾದರೆ ಏನು ಗತಿ? ಆ ಎರಡು ವರ್ಷ ಬಾಡಿಗೆಯನ್ನೂ ಸಾಲದ ಕಂತನ್ನೂ ಒಟ್ಟಿಗೆ ಕಟ್ಟಬೇಕು. ಅದಕ್ಕಾಗಿ ಏನನ್ನೂ ಮಾರದೆ, ಯಾರ ಹತ್ತಿರವೂ ಕೈಚಾಚದೆ ಇರಲು ಆಗುತ್ತದಾ? ಆಗುವುದಿಲ್ಲ ಅಂದರೆ ಮುಂದಿನ ಹೆಜ್ಜೆಗಳನ್ನು ಓದುವ ಅಗತ್ಯವೇ ಇಲ್ಲ. ಕಟ್ಟಿ ಮುಗಿದ ಮನೆಯನ್ನೇ ಹುಡುಕಿ, ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ. ನಿವೃತ್ತಿ ಹತ್ತಿರ ಇರುವವರಿಗೆ, ಒಬ್ಬರ ಸಂಬಳದಲ್ಲೇ ನಡೆಯುವ ಮನೆಗಳಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ.

ಮಾರಿ ಲಾಭ ಮಾಡುವ ಉದ್ದೇಶ ಇದ್ದರೆ ಪ್ರಶ್ನೆ ಬೇರೆ. ಮನೆ ಮುಗಿಯುವ ಹೊತ್ತಿಗೆ ಅದೇ ಕಟ್ಟಡದಲ್ಲಿ ನಿಮ್ಮಂತೆಯೇ ಮಾರಲು ಕಾದವರು ಎಷ್ಟು ಜನ? ಅರ್ಧಕ್ಕರ್ಧ ಫ್ಲಾಟ್‌ಗಳನ್ನು ಹೂಡಿಕೆದಾರರೇ ಕೊಂಡಿದ್ದರೆ ಕೀಲಿ ಕೈ ಸಿಕ್ಕ ದಿನವೇ ಎಲ್ಲರೂ ಮಾರಾಟಕ್ಕೆ ಇಳಿಯುತ್ತಾರೆ, ಬೆಲೆಯೂ ಇಳಿಯುತ್ತದೆ.

ಹೆಜ್ಜೆ 2: ರಿಯಾಯಿತಿ ಸಾಕಾ? ಲೆಕ್ಕ ಹಾಕಿ

ಈ ಹೆಜ್ಜೆಯನ್ನು ಬಹಳ ಜನ ಹಾರಿಸಿಬಿಡುತ್ತಾರೆ. ‘ರೆಡಿ ಮನೆಗಿಂತ ಶೇ. 15 ಕಡಿಮೆ’ ಅಂದ ಕೂಡಲೇ ಲಾಭ ಅಂತ ತೀರ್ಮಾನ. ಒಂದು ಕಾಗದ, ಪೆನ್ನು ತೆಗೆದುಕೊಳ್ಳಿ.

ಅದೇ ಜಾಗದಲ್ಲಿ ಅಂಥದ್ದೇ ರೆಡಿ ಮನೆಯ ಬೆಲೆ 100 ಅಂತ ಇಟ್ಟುಕೊಳ್ಳೋಣ. ಕಟ್ಟಬೇಕಾದ ಮನೆಗೆ 85. ಮುಗಿಸುವ ಅವಧಿ ಮೂರು ವರ್ಷ. ದುಡ್ಡಿಗೆ ವರ್ಷಕ್ಕೆ ಶೇ. 6 ಬಡ್ಡಿ. ಬಾಡಿಗೆ ವರ್ಷಕ್ಕೆ ಮನೆ ಬೆಲೆಯ ಶೇ. 4. ಚಕ್ರಬಡ್ಡಿ ಬೇಡ, ಸರಳವಾಗಿಯೇ ಹಾಕೋಣ.

ರೆಡಿ ಮನೆ ಕೊಂಡರೆ ಮೂರು ವರ್ಷಕ್ಕೆ ಬಡ್ಡಿ 18. ಕಟ್ಟದೆ ಉಳಿಸಿದ ಬಾಡಿಗೆ 12. ಅಂದರೆ ಮೂರನೇ ವರ್ಷದ ಕೊನೆಗೆ ಆ ಮನೆ ನಿಮಗೆ ಬಿದ್ದದ್ದು 106ಕ್ಕೆ.

ಕಟ್ಟಬೇಕಾದ ಮನೆಗೆ ಕೆಲಸ ಆದ ಹಾಗೆಲ್ಲ ಕಂತು ಕೊಟ್ಟರೆ, ಸರಾಸರಿ ಒಂದೂವರೆ ವರ್ಷ ನಿಮ್ಮ ಹಣ ಬಿಲ್ಡರ್ ಬಳಿ ಇರುತ್ತದೆ. ಬಡ್ಡಿ ಸುಮಾರು 8. ಒಟ್ಟು 93. ಹೇಳಿದ ದಿನಕ್ಕೆ ಮನೆ ಬಂದರೆ 13 ಉಳಿತಾಯ. ಇಲ್ಲಿಯವರೆಗೆ ಸೇಲ್ಸ್‌ನವರು ಹೇಳಿದ್ದು ಸರಿಯೇ.

ಎರಡು ವರ್ಷ ತಡವಾದರೆ? ಪೂರ್ತಿ ಹಣ ಕೊಟ್ಟಾಗಿದೆ, ಅದಕ್ಕೆ ಇನ್ನೆರಡು ವರ್ಷದ ಬಡ್ಡಿ 10. ಒಟ್ಟು 103. ಅಷ್ಟು ಹೊತ್ತಿಗೆ ರೆಡಿ ಮನೆಯವರಿಗೆ ಬಿದ್ದದ್ದು 110. ಉಳಿತಾಯ 7ಕ್ಕೆ ಇಳಿಯಿತು.

ಕೆಲಸ ನಿಂತೇಹೋದರೆ? ಆ ಹೊತ್ತಿಗೆ 60 ಕೊಟ್ಟಿದ್ದೀರಿ, ಅರ್ಧ ಯಾವಾಗಲೋ ವಾಪಸ್ ಬರುತ್ತದೆ ಅಂದುಕೊಳ್ಳಿ. ಬಡ್ಡಿ, ಬಾಡಿಗೆ, ವಕೀಲರ ಖರ್ಚು ಸೇರಿ ನಷ್ಟ 45 ಅಂತ ಇಡೋಣ.

ಈಗ ಈ ಮೂರು ಸಾಧ್ಯತೆಗಳಿಗೆ ತೂಕ ಕೊಡಿ. ಸಮಯಕ್ಕೆ ಬರುವುದು ನೂರಕ್ಕೆ 60, ತಡ 30, ನಿಲ್ಲುವುದು 10. ಸಮಯಕ್ಕೆ ಬಂದರೆ 7.8, ತಡವಾದರೆ 2.1, ನಿಂತರೆ ಮೈನಸ್ 4.5. ಕೂಡಿದರೆ 5.4 ಉಳಿತಾಯ. ವ್ಯವಹಾರ ಪರವಾಗಿಲ್ಲ. ನಿಲ್ಲುವ ಸಾಧ್ಯತೆ 20, ಸಮಯಕ್ಕೆ ಬರುವುದು 50 ಅಂತ ಬದಲಾಯಿಸಿ ನೋಡಿ. ಉತ್ತರ ಸೊನ್ನೆಗಿಂತ ಸ್ವಲ್ಪ ಕೆಳಗೆ. ಅಂದರೆ ಐದರಲ್ಲಿ ಒಂದು ಪಾಲು ಅಪಾಯ ಇದ್ದರೆ ಆ ಶೇ. 15 ರಿಯಾಯಿತಿ ಇದ್ದೂ ಇಲ್ಲದ ಹಾಗೆ.

ರಿಯಾಯಿತಿ ಬರೀ ಶೇ. 8 ಆಗಿದ್ದರೆ ಕಥೆ ಮೊದಲ ತೂಕದಲ್ಲೇ ಮುಗಿಯುತ್ತದೆ. ಸಮಯಕ್ಕೆ ಬಂದರೆ ಉಳಿಯುವುದು ಆರಕ್ಕಿಂತ ಕಡಿಮೆ, ಎರಡು ವರ್ಷ ತಡವಾದರೆ ಕೈಯಿಂದಲೇ ಹೋಗುತ್ತದೆ. ಈ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ಬಡ್ಡಿ, ಬಾಡಿಗೆ ಹಾಕಿ ನೀವೇ ಮಾಡಿ. ತೆರಿಗೆಯನ್ನೂ ಸೇರಿಸಿ. ಭಾರತದಲ್ಲಿ 2019ರ ಏಪ್ರಿಲ್‌ನಲ್ಲಿ ಕಟ್ಟುತ್ತಿರುವ ಮನೆಗೆ ಶೇ. 5 ಜಿಎಸ್‌ಟಿ ನಿಗದಿಯಾಯಿತು, ಕೈಗೆಟಕುವ ದರದ ವಸತಿಗೆ ಶೇ. 1. ಪೂರ್ಣಗೊಂಡ ಪ್ರಮಾಣಪತ್ರ ಬಂದ ಮೇಲೆ ಮಾರುವ ಮನೆಗೆ ಜಿಎಸ್‌ಟಿ ಇಲ್ಲ. ಆ ಶೇ. 5 ತೆರಿಗೆ, ಶೇ. 15 ರಿಯಾಯಿತಿಯ ಕಾಲು ಪಾಲಿಗಿಂತ ಹೆಚ್ಚನ್ನೇ ನುಂಗುತ್ತದೆ.

ಮುಂದಿನ ಹೆಜ್ಜೆಗಳೆಲ್ಲ ಆ 60, 30, 10 ಅನ್ನುವ ತೂಕವನ್ನು ಸರಿಮಾಡಿಕೊಳ್ಳುವುದಕ್ಕೆ.

ಹೆಜ್ಜೆ 3: ಸಾಲ ತೆಗೆದುಕೊಳ್ಳುತ್ತಿರುವವರು ಯಾರು?

ಬೋರ್ಡಿನ ಮೇಲೆ ಒಂದು ದೊಡ್ಡ ಹೆಸರಿರುತ್ತದೆ. ಅಗ್ರಿಮೆಂಟಿನಲ್ಲಿ ಇನ್ನೊಂದು ಹೆಸರು. ಬಹಳ ಕಡೆ ಪ್ರತಿ ಯೋಜನೆಗೂ ಬಿಲ್ಡರ್ ಹೊಸ ಕಂಪನಿ ಮಾಡುತ್ತಾರೆ. ಇದರಲ್ಲಿ ಮೋಸವೇನಿಲ್ಲ, ಒಂದು ಯೋಜನೆಯ ಸಾಲ ಇನ್ನೊಂದಕ್ಕೆ ತಗಲದಿರಲಿ ಅನ್ನುವ ವ್ಯವಸ್ಥೆ. ಆದರೆ ನಿಮ್ಮ ಮಟ್ಟಿಗೆ ಅದರ ಅರ್ಥ ಬೇರೆ. ಮೂವತ್ತು ವರ್ಷದ ಹೆಸರನ್ನು ನಂಬಿ ನೀವು ಹಣ ಕೊಡುತ್ತಿರುವುದು ಹೋದ ವರ್ಷ ಹುಟ್ಟಿದ, ಈ ಜಮೀನು ಬಿಟ್ಟರೆ ಬೇರೇನೂ ಇಲ್ಲದ ಕಂಪನಿಗೆ. ದೊಡ್ಡ ಕಂಪನಿ ಇದಕ್ಕೆ ಜಾಮೀನು ನಿಂತಿದೆಯಾ ಅಂತ ಬರಹದಲ್ಲಿ ಕೇಳಿ. ‘ನಮ್ಮದೇ ಸರ್, ಎಲ್ಲಾ ಒಂದೇ’ ಅಂದರೆ ಅದು ಉತ್ತರವಲ್ಲ.

ಮುಗಿಸಿದ ಯೋಜನೆಗಳ ಪಟ್ಟಿ ಇಟ್ಟುಕೊಂಡು ಎರಡೇ ವಿಷಯ ಹುಡುಕಿ: ಕೊಡುತ್ತೇವೆ ಅಂದ ದಿನ, ನಿಜವಾಗಿ ಕೊಟ್ಟ ದಿನ. ಇದನ್ನು ಬಿಲ್ಡರ್ ಕಚೇರಿಯಲ್ಲಿ ಕೇಳಬೇಡಿ. ಆ ಕಟ್ಟಡಗಳಿಗೇ ಹೋಗಿ ಅಲ್ಲಿ ಇರುವವರನ್ನು ಕೇಳಿ. ಸಂಜೆ ಹೊತ್ತು ಗೇಟಿನ ಹತ್ತಿರ ನಿಂತರೆ ಸಾಕು, ಈ ವಿಷಯದಲ್ಲಿ ಜನ ಮಾತಾಡುವುದಕ್ಕೆ ಕಾಯುತ್ತಿರುತ್ತಾರೆ. ಲಿಫ್ಟ್ ಹೇಗಿದೆ, ಗೋಡೆ ಸೋರುತ್ತದಾ, ದೂರು ಕೊಟ್ಟರೆ ಯಾರಾದರೂ ಬರುತ್ತಾರಾ ಅಂತಲೂ ಕೇಳಿ.

ಇನ್ನೊಂದು ಲಕ್ಷಣ ನೋಡಬೇಕು. ಬಿಲ್ಡರ್ ಸದ್ಯ ಒಟ್ಟು ಎಷ್ಟು ಕಟ್ಟುತ್ತಿದ್ದಾರೆ? ಇದುವರೆಗೆ ಮುಗಿಸಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಒಂದೇ ಸಲ ಶುರು ಮಾಡಿದ್ದರೆ ಹೊಸ ಬುಕಿಂಗ್ ಹಣದಲ್ಲಿ ಹಳೇ ಕಟ್ಟಡ ಮುಗಿಸುತ್ತಿರಬಹುದು. ಮಾರಾಟ ಚೆನ್ನಾಗಿರುವವರೆಗೆ ಅದು ಓಡುತ್ತದೆ.

ಹೆಜ್ಜೆ 4: ಜಮೀನು ಮತ್ತು ಅನುಮತಿ

ಇದರಲ್ಲಿ ನನ್ನ ಸಲಹೆ ಚಿಕ್ಕದು: ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಿ. ಬಿಲ್ಡರ್ ಕೊಟ್ಟ ‘ಲೀಗಲ್ ಒಪೀನಿಯನ್’ ಓದಿ ಸಮಾಧಾನ ಪಡಬೇಡಿ. ಅದನ್ನು ಬರೆದವರಿಗೆ ಫೀಸು ಕೊಟ್ಟವರು ಯಾರು ಅನ್ನುವುದು ಗೊತ್ತೇ ಇದೆ ಅಲ್ವಾ?

ವಕೀಲರಿಂದ ಮೂರು ಪ್ರಶ್ನೆಗೆ ಉತ್ತರ ಬೇಕು. ಜಮೀನು ಬಿಲ್ಡರ್‌ದೇ, ಅಥವಾ ಜಮೀನಿನ ಮಾಲೀಕರ ಜೊತೆ ಜಂಟಿ ಒಪ್ಪಂದವೇ? ಜಂಟಿಯಾದರೆ ಅವರಿಬ್ಬರ ಜಗಳದಲ್ಲಿ ನಿಮ್ಮ ಫ್ಲಾಟ್ ಯಾರ ಪಾಲಿಗೆ ಬರುತ್ತದೆ ಅನ್ನುವುದು ಬರಹದಲ್ಲಿ ಇರಬೇಕು. ಎರಡನೆಯದು, ಜಮೀನಿನ ಮೇಲೆ ಸಾಲ ಇದೆಯಾ? ಇರುವುದು ಸಹಜ. ಇದ್ದರೆ, ನೀವು ಪೂರ್ತಿ ಹಣ ಕೊಟ್ಟ ಮೇಲೆ ನಿಮ್ಮ ಫ್ಲಾಟನ್ನು ಅಡಮಾನದಿಂದ ಬಿಡುತ್ತೇವೆ ಅನ್ನುವ ಬ್ಯಾಂಕಿನ ಪತ್ರ ಬೇಕು. ಮೂರನೆಯದು, ನಕ್ಷೆಗೆ ಮಂಜೂರಾತಿ ಸಿಕ್ಕಿದೆಯಾ, ಎಷ್ಟು ಮಹಡಿಗೆ? ‘ಅನುಮತಿ ಬರುವ ಹಂತದಲ್ಲಿದೆ, ಅದಕ್ಕೇ ಈ ಬೆಲೆ’ ಅನ್ನುವ ಮಾತು ಕೇಳಿದರೆ ಹೆಜ್ಜೆ 2ರ ಹಾಳೆ ತೆಗೆದು ‘ನಿಲ್ಲುವುದು’ ಅನ್ನುವ ಕಡೆ ಅಂಕಿ ಏರಿಸಿ.

ಹೆಜ್ಜೆ 5: ನಿಮ್ಮ ಹಣ ಎಲ್ಲಿಗೆ ಹೋಗುತ್ತದೆ?

ಒಂದೇ ಪ್ರಶ್ನೆ ಕೇಳಲು ಸಮಯ ಇದ್ದರೆ ಇದನ್ನು ಕೇಳಿ. ಯೋಜನೆಗಳು ನಿಂತುಹೋಗುವುದು ಸಿಮೆಂಟ್ ಸಿಗದೆ ಅಲ್ಲ. ಈ ಕಟ್ಟಡಕ್ಕೆ ಅಂತ ಕೊಟ್ಟ ಹಣ ಇನ್ನೊಂದು ಜಮೀನಿಗೆ, ಹಳೇ ಸಾಲಕ್ಕೆ, ಇನ್ನೆಲ್ಲಿಗೋ ಹೋಗಿರುತ್ತದೆ.

ಚೀನಾದಲ್ಲಿ ಆದದ್ದನ್ನು ನೋಡಿ. ಅಲ್ಲಿ ಕಟ್ಟುವ ಮೊದಲೇ ಮಾರುವುದು ವಾಡಿಕೆ. ಮುಂಗಡ ಹಣಕ್ಕೆ ನಿಗಾ ಖಾತೆಗಳೂ ಇದ್ದವು. ಆದರೂ ಹಣ ಅವುಗಳಿಂದ ಜಾರಿತು. 2021ರ ಡಿಸೆಂಬರ್‌ನಲ್ಲಿ ಅಲ್ಲಿನ ದೊಡ್ಡ ಬಿಲ್ಡರ್ ಕಂಪನಿ ಎವರ್‌ಗ್ರಾಂಡ್ ಸಾಲ ತೀರಿಸಲಾಗದ ಸ್ಥಿತಿಗೆ ಬಂತು. 2022ರ ಜುಲೈ ಹೊತ್ತಿಗೆ ನಿಂತುಹೋದ ನೂರಾರು ಯೋಜನೆಗಳ ಖರೀದಿದಾರರು ‘ಕೆಲಸ ಶುರುವಾಗುವವರೆಗೆ ಗೃಹಸಾಲದ ಕಂತು ಕಟ್ಟುವುದಿಲ್ಲ’ ಅಂತ ಬಹಿರಂಗವಾಗಿ ಪತ್ರ ಬರೆದರು. ಖಾತೆ ಇದ್ದರೆ ಸಾಲದು, ಅದರಿಂದ ಹಣ ತೆಗೆಯಲು ಯಾರ ಸಹಿ ಬೇಕು ಅನ್ನುವುದು ಮುಖ್ಯ ಅಂತ ಜಗತ್ತಿಗೆ ಗೊತ್ತಾದದ್ದು ಹೀಗೆ.

ಭಾರತದಲ್ಲಿ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಪ್ರಕಾರ ಖರೀದಿದಾರರಿಂದ ಬಂದ ಹಣದ ಶೇ. 70 ಪ್ರತ್ಯೇಕ ಖಾತೆಯಲ್ಲಿ ಇರಬೇಕು. ಕೆಲಸ ಎಷ್ಟಾಗಿದೆಯೋ ಅಷ್ಟಕ್ಕೇ ತೆಗೆಯಬೇಕು. ಅದಕ್ಕೆ ಎಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ಮೂವರೂ ಪ್ರಮಾಣಪತ್ರ ಕೊಡಬೇಕು. ದುಬೈ 2007ರಲ್ಲೇ ಇಂಥ ಖಾತೆಗೆ ಅಂತಲೇ ಕಾನೂನು ಮಾಡಿತು. ಸ್ಪೇನ್ ಅದಕ್ಕೂ ಬಹಳ ಹಿಂದೆ, 1968ರ ಕಾನೂನಿನಲ್ಲಿ, ಮುಂಗಡ ಹಣಕ್ಕೆ ಬ್ಯಾಂಕ್ ಅಥವಾ ವಿಮೆಯ ಖಾತರಿ ಇರಬೇಕು ಅಂದಿತು. ಮನೆ ಬರದಿದ್ದರೆ ಖಾತರಿ ಕೊಟ್ಟವರು ಹಣ ವಾಪಸ್ ಮಾಡಬೇಕು.

ನನಗೆ ಇವೆಲ್ಲದರಲ್ಲಿ ಫ್ರಾನ್ಸಿನ ಪದ್ಧತಿ ಮೆಚ್ಚುಗೆ. ಅಲ್ಲಿ ಪಾಯ ಮುಗಿಯುವವರೆಗೆ ಶೇ. 35ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಚಾವಣಿ ಆಗಿ ಮಳೆನೀರು ಒಳಗೆ ಬಾರದ ಹಂತಕ್ಕೆ ಶೇ. 70. ಕಟ್ಟಡ ಮುಗಿದಾಗ ಶೇ. 95. ಕೊನೆಯ ಶೇ. 5 ಮನೆ ಒಪ್ಪಿಸುವಾಗ, ದೋಷಗಳಿದ್ದರೆ ಅದನ್ನೂ ತಡೆಹಿಡಿಯಬಹುದು. ಜೊತೆಗೆ ಬಿಲ್ಡರ್ ಮುಳುಗಿದರೂ ಕಟ್ಟಡ ಮುಗಿಸಿಕೊಡುವ ಖಾತರಿಯನ್ನು ಬ್ಯಾಂಕ್ ಅಥವಾ ವಿಮಾ ಕಂಪನಿ ಕೊಟ್ಟಿರಬೇಕು. ನಿಮ್ಮಲ್ಲಿ ಈ ಕಾನೂನು ಇಲ್ಲದಿದ್ದರೂ ನಿಮ್ಮ ಕಂತಿನ ಪಟ್ಟಿಯನ್ನು ಇದರ ಪಕ್ಕ ಇಟ್ಟು ಹೋಲಿಸಿ ನೋಡಬಹುದು.

ಹೋಲಿಸುವಾಗ ಎರಡು ತರದ ಪಟ್ಟಿ ಸಿಗುತ್ತದೆ. ಒಂದು, ‘ಐದನೇ ಸ್ಲ್ಯಾಬ್ ಹಾಕಿದಾಗ ಶೇ. 8’ ಅನ್ನುವಂಥದ್ದು. ಇನ್ನೊಂದು, ‘ಬುಕ್ ಮಾಡಿದ 180ನೇ ದಿನಕ್ಕೆ ಶೇ. 20’ ಅನ್ನುವಂಥದ್ದು. ಎರಡನೆಯದರಲ್ಲಿ ಇಟ್ಟಿಗೆ ಏರದಿದ್ದರೂ ನಿಮ್ಮ ಕಂತು ಏರುತ್ತದೆ. ಅಂಥ ಪಟ್ಟಿಗೆ ಸಹಿ ಹಾಕಬೇಡಿ. ಮೊದಲನೆಯದರಲ್ಲೂ ಮೋಸದ ಜಾಗ ಇದೆ: ಪಾಯ, ಪಿಲ್ಲರ್, ಸ್ಲ್ಯಾಬ್ ಅಂತ ಮೊದಲ ಅರ್ಧದಲ್ಲೇ ಶೇ. 80 ಎಳೆದುಕೊಂಡು, ಪ್ಲಾಸ್ಟರಿಂಗ್, ಲಿಫ್ಟ್, ಕರೆಂಟು, ನೀರಿಗೆ ಶೇ. 20 ಬಿಟ್ಟಿರುತ್ತಾರೆ. ಕಟ್ಟಡದ ಅಸ್ಥಿಪಂಜರ ಬೇಗ ಏಳುತ್ತದೆ. ಒಳಗಿನ ಕೆಲಸಕ್ಕೇ ಕಾಲ ಹಿಡಿಯುತ್ತದೆ. ಆ ಹೊತ್ತಿಗೆ ನಿಮ್ಮ ಕೈಯಲ್ಲಿ ತಡೆಹಿಡಿಯಲು ಹೆಚ್ಚೇನೂ ಉಳಿದಿರುವುದಿಲ್ಲ.

ಟೋಕನ್ ಬಗ್ಗೆ ಒಂದು ಮಾತು. ‘ಇವತ್ತೇ ಕೊಟ್ಟರೆ ಈ ರೇಟು’ ಅಂತ ಅವಸರ ಮಾಡಿದಾಗ ಕೊಡುವ ಸಣ್ಣ ಮೊತ್ತ ವಾಪಸ್ ಬರುತ್ತದಾ ಅನ್ನುವುದನ್ನು ರಸೀದಿಯಲ್ಲೇ ಬರೆಸಿಕೊಳ್ಳಿ. ರೇರಾ ಪ್ರಕಾರ ನೋಂದಾಯಿತ ಅಗ್ರಿಮೆಂಟ್ ಆಗುವ ಮೊದಲು ಬೆಲೆಯ ಶೇ. 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ.

ಹೆಜ್ಜೆ 6: ಅಗ್ರಿಮೆಂಟಿನಲ್ಲಿ ದಿನಾಂಕ ಹುಡುಕಿ

ಇಡೀ ಅಗ್ರಿಮೆಂಟ್ ಓದಬೇಕು, ನಿಜ. ಆದರೆ ಮೊದಲು ಒಂದು ವಾಕ್ಯ ಹುಡುಕಿ. ಅದು ಸಾಮಾನ್ಯವಾಗಿ ಹೀಗಿರುತ್ತದೆ:

‘ಎಲ್ಲ ಅಗತ್ಯ ಅನುಮತಿಗಳು ದೊರೆತ ದಿನದಿಂದ ಅಥವಾ ಕಾಮಗಾರಿ ಆರಂಭವಾದ ದಿನದಿಂದ, ಯಾವುದು ನಂತರವೋ ಅಲ್ಲಿಂದ, 36 ತಿಂಗಳೊಳಗೆ ಹಾಗೂ ಹೆಚ್ಚುವರಿ 6 ತಿಂಗಳ ಕಾಲಾವಕಾಶದಲ್ಲಿ, ಕಂಪನಿಯ ಹತೋಟಿ ಮೀರಿದ ಕಾರಣಗಳಿಗೆ ಒಳಪಟ್ಟು, ಸ್ವಾಧೀನ ನೀಡಲು ಪ್ರಯತ್ನಿಸಲಾಗುವುದು.’

ನಿಧಾನವಾಗಿ ಬಿಡಿಸಿ ನೋಡಿ. ‘ಎಲ್ಲ ಅನುಮತಿ’ ಅಂದರೆ ಯಾವುವು? ಪಟ್ಟಿ ಇಲ್ಲ. ಕೊನೆಯದು ಸಿಕ್ಕದ್ದು ಯಾವತ್ತು ಅಂತ ಹೇಳುವವರು ಬಿಲ್ಡರೇ. ಹಾಗಾಗಿ 36 ತಿಂಗಳ ಗಡಿಯಾರ ಶುರುವಾಗುವ ದಿನವೇ ನಿಮಗೆ ಗೊತ್ತಿಲ್ಲ. ಆರು ತಿಂಗಳ ಹೆಚ್ಚುವರಿ ಅವಕಾಶಕ್ಕೆ ಕಾರಣ ಕೊಡಬೇಕಿಲ್ಲ, ಹಾಗಾಗಿ ಅದು 42 ತಿಂಗಳು ಅಂತಲೇ ಓದಿಕೊಳ್ಳಿ. ‘ಹತೋಟಿ ಮೀರಿದ ಕಾರಣ’ ಯಾವುದು ಅಂತ ಬೇರೆ ಪುಟದಲ್ಲಿ ಇರುತ್ತದೆ. ಅಲ್ಲಿ ಯುದ್ಧ, ಪ್ರವಾಹದ ಜೊತೆ ‘ಸಾಮಗ್ರಿ ಅಥವಾ ಕಾರ್ಮಿಕರ ಕೊರತೆ’ ಅಂತಲೂ ಸೇರಿಸಿದ್ದರೆ ಕಥೆ ಮುಗಿಯಿತು, ಕೆಲಸಗಾರರ ಕೊರತೆ ಇಲ್ಲದ ಕಟ್ಟಡ ಯಾವುದಿದೆ? ಕೊನೆಗೆ ‘ಪ್ರಯತ್ನಿಸಲಾಗುವುದು’. ಇಷ್ಟು ಉದ್ದದ ವಾಕ್ಯದಲ್ಲಿ ಒಂದು ದಿನಾಂಕವೂ ಇಲ್ಲ, ಒಂದು ಮಾತೂ ಕೊಟ್ಟಿಲ್ಲ.

ಕೇಳಬೇಕಾದದ್ದು: ದಿನ, ತಿಂಗಳು, ವರ್ಷ ಇರುವ ಒಂದು ದಿನಾಂಕ. ಸ್ವಾಧೀನ ಅಂದರೆ ವಾಸಯೋಗ್ಯ ಪ್ರಮಾಣಪತ್ರದ ಸಮೇತ ಅನ್ನುವ ಮಾತು. ಆ ಪತ್ರವಿಲ್ಲದೆ ಕೀಲಿ ಕೈ ಕೊಟ್ಟರೆ ನೀರು, ಕರೆಂಟು, ಮುಂದೆ ಮಾರುವುದು ಎಲ್ಲದಕ್ಕೂ ಪರದಾಟ.

ತಡದ ಪರಿಹಾರವನ್ನೂ ನೋಡಿ. ನೀವು ಕಂತು ತಡಮಾಡಿದರೆ ಶೇ. 18 ಬಡ್ಡಿ, ಅವರು ಮನೆ ತಡಮಾಡಿದರೆ ಚದರಡಿಗೆ ಪುಡಿಗಾಸು. ಈ ಅಸಮಾನತೆ ಹಳೇ ಅಗ್ರಿಮೆಂಟುಗಳಲ್ಲಿ ತುಂಬಾ ಇತ್ತು. ರೇರಾ ಇದನ್ನು ನೇರವಾಗಿ ಮುಟ್ಟಿತು: ಎರಡೂ ಕಡೆಗೆ ಬಡ್ಡಿ ದರ ಒಂದೇ ಇರಬೇಕು. ದಿನಕ್ಕೆ ಸರಿಯಾಗಿ ಮನೆ ಕೊಡದಿದ್ದರೆ, ಖರೀದಿದಾರ ಬೇಡ ಅಂದರೆ ಬಡ್ಡಿ ಸಮೇತ ಹಣ ವಾಪಸ್, ಇರುತ್ತೇನೆ ಅಂದರೆ ತಡವಾದ ಪ್ರತಿ ತಿಂಗಳಿಗೆ ಬಡ್ಡಿ.

ಇನ್ನೊಂದು ಕಲಮು ಕೆಲವು ದೇಶಗಳಲ್ಲಿ ವಿಚಿತ್ರವಾಗಿ ಕಚ್ಚುತ್ತದೆ. ಇಂತಿಷ್ಟು ದಿನದೊಳಗೆ ಮುಗಿಯದಿದ್ದರೆ ಕರಾರು ರದ್ದು, ಹಣ ವಾಪಸ್. ಓದಿದರೆ ಖರೀದಿದಾರರ ರಕ್ಷಣೆಗೇ ಇದೆ ಅನ್ನಿಸುತ್ತದೆ. ಬೆಲೆ ಏರುತ್ತಿರುವಾಗ ಬಿಲ್ಡರೇ ಬೇಕಂತ ಕೆಲಸ ನಿಧಾನ ಮಾಡಿ, ಗಡುವು ದಾಟಿಸಿ, ಕರಾರು ರದ್ದು ಮಾಡಿ, ಅದೇ ಫ್ಲಾಟನ್ನು ಹೆಚ್ಚಿನ ಬೆಲೆಗೆ ಮಾರಬಹುದು! ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 2015ರಲ್ಲಿ ಇದಕ್ಕೆಂದೇ ಕಾನೂನು ತಂದು, ಖರೀದಿದಾರರ ಒಪ್ಪಿಗೆ ಅಥವಾ ಕೋರ್ಟಿನ ಆದೇಶ ಇಲ್ಲದೆ ಬಿಲ್ಡರ್ ಹೀಗೆ ರದ್ದು ಮಾಡುವಂತಿಲ್ಲ ಅಂದಿತು. ನಿಮ್ಮ ಕರಾರಿನಲ್ಲಿ ರದ್ದು ಮಾಡುವ ಹಕ್ಕು ಯಾರಿಗಿದೆ ಅಂತ ನೋಡಿ. ನಿಮಗೆ ಮಾತ್ರ ಇದ್ದರೆ ಒಳ್ಳೆಯದು.

ಅಳತೆ ಕಾರ್ಪೆಟ್ ಏರಿಯಾದಲ್ಲಿ ಇರಲಿ, ಅಂದರೆ ಗೋಡೆಯೊಳಗೆ ಕಾಲಿಡುವ ಜಾಗ. ‘ಸೂಪರ್ ಬಿಲ್ಟ್ ಅಪ್’ ಲೆಕ್ಕದಲ್ಲಿ ಮೆಟ್ಟಿಲು, ಲಾಬಿ ಎಲ್ಲ ಸೇರಿ ಮನೆ ದೊಡ್ಡದಾಗಿ ಕಾಣುತ್ತದೆ. ನಕ್ಷೆ ಬದಲಾಯಿಸುವ ಹಕ್ಕನ್ನು ಬಿಲ್ಡರ್‌ಗೆ ಖಾಲಿ ಚೆಕ್ಕಿನಂತೆ ಬರೆದುಕೊಡಬೇಡಿ. ಬ್ರೋಷರ್‌ನಲ್ಲಿ ತೋರಿಸಿದ ಪಾರ್ಕು, ಆಟದ ಜಾಗ ಕರಾರಿನಲ್ಲಿ ಇಲ್ಲದಿದ್ದರೆ ಅದನ್ನು ಸಾಧಿಸುವುದು ಕಷ್ಟ.

ಹೆಜ್ಜೆ 7: ಗೃಹಸಾಲದ ಬಲೆಗಳು

‘ಎಲ್ಲಾ ದೊಡ್ಡ ಬ್ಯಾಂಕುಗಳ ಅಪ್ರೂವಲ್ ಇದೆ’ ಅನ್ನುವುದನ್ನು ಸರ್ಟಿಫಿಕೇಟ್ ತರ ಹೇಳುತ್ತಾರೆ. ಬ್ಯಾಂಕ್ ದಾಖಲೆ ನೋಡಿರುತ್ತದೆ, ಸುಳ್ಳಲ್ಲ. ಆದರೆ ಅದು ನೋಡುವುದು ತನ್ನ ಸಾಲ ವಸೂಲಾಗುತ್ತದಾ ಅಂತ. ವಸೂಲಿಗೆ ನಿಮ್ಮ ಸಂಬಳ ಇದೆ. ಕಟ್ಟಡ ನಿಂತರೂ ಕಂತು ನಿಲ್ಲುವುದಿಲ್ಲ.

ಮನೆ ಕೈಗೆ ಬರುವವರೆಗೆ ಬಿಲ್ಡರೇ ನಿಮ್ಮ ಬಡ್ಡಿ ಕಟ್ಟುತ್ತಾರೆ ಅನ್ನುವ ಸ್ಕೀಮುಗಳಿಂದ ದೂರ ಇರಿ. ಸಾಲ ನಿಮ್ಮ ಹೆಸರಿನಲ್ಲಿ, ಹಣ ಬಿಲ್ಡರ್ ಕೈಯಲ್ಲಿ. ಅವರು ಬಡ್ಡಿ ಕಟ್ಟುವುದು ನಿಲ್ಲಿಸಿದ ದಿನ ಬ್ಯಾಂಕ್ ಫೋನ್ ಮಾಡುವುದು ನಿಮಗೆ. 2013ರಲ್ಲಿ ರಿಸರ್ವ್ ಬ್ಯಾಂಕ್, ಗೃಹಸಾಲವನ್ನು ಕಾಮಗಾರಿಯ ಹಂತಕ್ಕೆ ಜೋಡಿಸಿಯೇ ಬಿಡುಗಡೆ ಮಾಡಬೇಕು ಅಂತ ಬ್ಯಾಂಕುಗಳಿಗೆ ಹೇಳಿತ್ತು. ನೀವೂ ಅದನ್ನೇ ಹಿಡಿಯಿರಿ. ಪ್ರತಿ ಕಂತಿಗೂ ಬ್ಯಾಂಕ್ ನಿಮ್ಮ ಒಪ್ಪಿಗೆ ಕೇಳಬೇಕು ಅಂತ ಬರೆದುಕೊಡಿ.

ಸಾಲ ಕಟ್ಟಡ ಮುಗಿದ ಮೇಲೆ ಮಾತ್ರ ಸಿಗುವ ದೇಶಗಳಲ್ಲಿ ತೊಂದರೆ ಇನ್ನೊಂದು ತರ. ಇವತ್ತು ಮಂಜೂರಾದ ಸಾಲದ ಗಡುವು ಅಷ್ಟರಲ್ಲಿ ಮುಗಿದಿರುತ್ತದೆ. ಮಾರುಕಟ್ಟೆ ಇಳಿದು ಬ್ಯಾಂಕ್ ಕಡಿಮೆ ಮೌಲ್ಯ ಕಟ್ಟಿದರೆ ವ್ಯತ್ಯಾಸವನ್ನು ಕೈಯಿಂದ ಹಾಕಬೇಕು, ಇಲ್ಲವೇ ಮುಂಗಡ ಕಳೆದುಕೊಳ್ಳಬೇಕು.

ಹೆಜ್ಜೆ 8: ಸೈಟಿಗೆ ಹೋಗಿ, ಹೇಳದೆ ಹೋಗಿ

ಮಾದರಿ ಫ್ಲಾಟನ್ನು ನೋಡಲು ಅಲ್ಲ, ಕೆಲಸ ನೋಡಲು. ವಾರದ ಮಧ್ಯದ ದಿನ, ಮಧ್ಯಾಹ್ನದ ಹೊತ್ತು ಹೋಗಿ ಗೇಟಿನ ಹೊರಗೆ ಅರ್ಧ ಗಂಟೆ ನಿಲ್ಲಿ. ಕ್ರೇನ್ ತಿರುಗುತ್ತಿದೆಯಾ? ಕಾಂಕ್ರೀಟ್ ಲಾರಿ ಬಂತಾ? ಕಂಬಗಳ ಮೇಲೆ ಚಾಚಿಕೊಂಡಿರುವ ಕಂಬಿಗಳ ಬಣ್ಣ ನೋಡಿ. ತೆಳುವಾದ ತುಕ್ಕು ಸಹಜ. ಗಾಢ ಕಂದು ಬಣ್ಣಕ್ಕೆ ತಿರುಗಿ ಪದರು ಏಳುತ್ತಿದ್ದರೆ ಅಲ್ಲಿ ಬಹಳ ದಿನದಿಂದ ಯಾರೂ ಕೈ ಹಾಕಿಲ್ಲ ಅಂತ ಅರ್ಥ. ಹತ್ತಿರದ ಟೀ ಅಂಗಡಿಯವರಿಗೆ ಎಂಜಿನಿಯರ್‌ಗಿಂತ ಚೆನ್ನಾಗಿ ಗೊತ್ತಿರುತ್ತದೆ, ಕೆಲಸಗಾರರು ಜಾಸ್ತಿಯಾದರಾ ಕಡಿಮೆಯಾದರಾ ಅಂತ. ಕಂಟ್ರಾಕ್ಟರ್‌ಗೆ ಬಿಲ್ ಸಿಗದಿದ್ದರೆ ಮೊದಲು ಖಾಲಿಯಾಗುವುದೇ ಕೆಲಸಗಾರರ ಶೆಡ್ಡುಗಳು.

ಎಲ್ಲಿ ಸರ್ಕಾರಿ ಜಾಲತಾಣದಲ್ಲಿ ಪ್ರಗತಿ ವರದಿ ಹಾಕಬೇಕೋ ಅಲ್ಲಿ ಅದನ್ನೂ ತೆಗೆದು ನೋಡಿ. ರೇರಾದಲ್ಲಿ ಮೂರು ತಿಂಗಳಿಗೊಮ್ಮೆ ಹಾಕಬೇಕು. ವರದಿಯಲ್ಲಿ ಹೇಳಿದ ಮಹಡಿಗೂ ನಿಮ್ಮ ಕಣ್ಣಿಗೆ ಕಂಡದ್ದಕ್ಕೂ ತಾಳೆ ಇಲ್ಲದಿದ್ದರೆ ಉಳಿದ ದಾಖಲೆಗಳನ್ನೂ ಅದೇ ಅನುಮಾನದಿಂದ ಓದಿ.

ಹೆಜ್ಜೆ 9: ಬಿಲ್ಡರ್ ಮುಳುಗಿದರೆ ಸಾಲಿನಲ್ಲಿ ನೀವು ಎಲ್ಲಿ?

ದಿವಾಳಿಯಾದ ಕಂಪನಿಯಿಂದ ಹಣ ಪಡೆಯಲು ಒಂದು ಸಾಲಿದೆ. ಅಡಮಾನ ಇಟ್ಟುಕೊಂಡ ಬ್ಯಾಂಕ್ ಮುಂದೆ ನಿಂತಿರುತ್ತದೆ. ಮುಂಗಡ ಕೊಟ್ಟವರು ಬಹಳ ಕಡೆ ಹಿಂದೆ. ಭಾರತದಲ್ಲಿ ದಿವಾಳಿ ಕಾನೂನಿನ 2018ರ ತಿದ್ದುಪಡಿ ಮನೆ ಖರೀದಿದಾರರನ್ನೂ ಬ್ಯಾಂಕುಗಳಂತೆ ಹಣಕಾಸು ಸಾಲ ಕೊಟ್ಟವರ ಸಾಲಿಗೆ ಸೇರಿಸಿತು. ಇದರಿಂದ ಸಾಲ ಕೊಟ್ಟವರ ಸಮಿತಿಯಲ್ಲಿ ಅವರಿಗೂ ಮತ ಬಂತು. 2020ರಲ್ಲಿ ಇದಕ್ಕೆ ಒಂದು ಕಟ್ಟು ಬಿತ್ತು: ದಿವಾಳಿ ಅರ್ಜಿ ಹಾಕಲು ಒಂದೇ ಯೋಜನೆಯ 100 ಖರೀದಿದಾರರು, ಅಥವಾ ಒಟ್ಟು ಖರೀದಿದಾರರ ಶೇ. 10, ಯಾವುದು ಕಡಿಮೆಯೋ ಅಷ್ಟು ಜನ ಸೇರಬೇಕು.

ಗೆದ್ದರೂ ಕಾಲ ಹಿಡಿಯುತ್ತದೆ. ಆಮ್ರಪಾಲಿ ಅನ್ನುವ ಬಿಲ್ಡರ್ ಸಮೂಹದ ಪ್ರಕರಣದಲ್ಲಿ 2019ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸಮೂಹದ ರೇರಾ ನೋಂದಣಿಯನ್ನೇ ರದ್ದು ಮಾಡಿ, ಅರ್ಧಕ್ಕೆ ನಿಂತ ಮನೆಗಳನ್ನು ಮುಗಿಸುವ ಹೊಣೆಯನ್ನು ಸರ್ಕಾರಿ ಕಂಪನಿ ಎನ್‌ಬಿಸಿಸಿಗೆ ಒಪ್ಪಿಸಿತು. ತೀರ್ಪಿನ ನಂತರವೂ ಕೀಲಿ ಕೈಗೆ ಜನ ವರ್ಷಗಟ್ಟಲೆ ಕಾದರು. ಹಾಗಾಗಿ ಬುಕ್ ಮಾಡಿದ ಮೊದಲ ತಿಂಗಳಲ್ಲೇ ಇತರ ಖರೀದಿದಾರರ ಗುಂಪು ಹುಡುಕಿ ಸೇರಿಕೊಳ್ಳಿ. ತೊಂದರೆ ಬಂದ ಮೇಲೆ ಜನ ಹುಡುಕುವುದು ಬಹಳ ಕಷ್ಟ.

ಇಲ್ಲಿಗೆ ನಿಮ್ಮ ಕೈಯಲ್ಲಿ ತೂಕ ಹಾಕಲು ಬೇಕಾದದ್ದೆಲ್ಲ ಇದೆ. ನನ್ನ ಮಟ್ಟಿಗೆ ಮೂರು ವಿಷಯಗಳಲ್ಲಿ ಚೌಕಾಸಿಯೇ ಇಲ್ಲ: ನಕ್ಷೆಗೆ ಮಂಜೂರಾತಿ ಇಲ್ಲದಿರುವುದು, ಹಣಕ್ಕೆ ಪ್ರತ್ಯೇಕ ಖಾತೆಯಾಗಲಿ ಖಾತರಿಯಾಗಲಿ ಇಲ್ಲದಿರುವುದು, ಕರಾರಿನಲ್ಲಿ ದಿನಾಂಕ ಇಲ್ಲದಿರುವುದು. ಇವುಗಳಲ್ಲಿ ಒಂದಿದ್ದರೂ ಎದ್ದು ಬನ್ನಿ. ಉಳಿದದ್ದೆಲ್ಲ ಬೆಲೆಯ ಮಾತು. ತೂಕ ಬದಲಾದ ಹಾಗೆ ಹೆಚ್ಚಿನ ರಿಯಾಯಿತಿ ಕೇಳಿ, ಇಲ್ಲವೇ ಕಂತುಗಳನ್ನು ಹಿಂದಕ್ಕೆ ತಳ್ಳಿಸಿ. ಬೆಲೆ ಇಳಿಸದ ಬಿಲ್ಡರ್ ಎಷ್ಟೋ ಸಲ ಕಂತಿನ ಪಟ್ಟಿ ಬದಲಾಯಿಸಲು ಒಪ್ಪುತ್ತಾರೆ. ನನಗೆ ಕೇಳಿದರೆ ಅದೇ ವಾಸಿ, ನಿಂತರೆ ಕಳೆದುಕೊಳ್ಳುವ ಮೊತ್ತವೇ ಚಿಕ್ಕದಾಗುತ್ತದೆ.

ಹೆಜ್ಜೆ 10: ಸಹಿ ಆದ ಮೇಲೆ

ಪ್ರತಿ ಕಂತಿನ ನೋಟಿಸ್ ಬಂದಾಗಲೂ ಸೈಟಿಗೆ ಹೋಗಿ, ಆ ಹಂತ ನಿಜಕ್ಕೂ ಮುಗಿದಿದೆಯಾ ಅಂತ ನೋಡಿ, ಫೋಟೋ ತೆಗೆದಿಡಿ. ಮಾತು ಎಲ್ಲ ಇ-ಮೇಲ್‌ನಲ್ಲಿ ಇರಲಿ. ಫೋನಿನಲ್ಲಿ ಆದದ್ದನ್ನೂ ‘ಇವತ್ತು ನೀವು ಹೇಳಿದ್ದು ಹೀಗೆ’ ಅಂತ ಬರೆದು ಕಳಿಸಿ.

ಮನೆ ಒಪ್ಪಿಸುವ ದಿನ ಕೊನೆಯ ಕಂತು ಕೊಡುವ ಮೊದಲು ಪ್ರತಿ ಕೋಣೆ ನೋಡಿ. ನಲ್ಲಿ ಬಿಟ್ಟು ನೀರು ಎಲ್ಲಿ ನಿಲ್ಲುತ್ತದೆ, ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು ಬರುತ್ತದಾ, ಬಾಗಿಲು ಸಲೀಸಾಗಿ ಮುಚ್ಚುತ್ತದಾ ಅಂತ ಪರೀಕ್ಷಿಸಿ. ಟೇಪು ಹಿಡಿದು ಕಾರ್ಪೆಟ್ ಏರಿಯಾ ಅಳೆಯಿರಿ. ದೋಷದ ಪಟ್ಟಿಗೆ ಬಿಲ್ಡರ್ ಕಡೆಯವರ ಸಹಿ ಹಾಕಿಸಿಕೊಳ್ಳಿ. ‘ಎಲ್ಲವೂ ತೃಪ್ತಿಕರವಾಗಿದೆ’ ಅನ್ನುವ ಮುದ್ರಿತ ಹಾಳೆ ಮುಂದೆ ಇಟ್ಟರೆ ಸುಮ್ನೆ ಸಹಿ ಹಾಕಬೇಡಿ, ಪಟ್ಟಿಗೆ ಒಳಪಟ್ಟು ಅಂತ ಬರೆದು ಹಾಕಿ. ರೇರಾ ಪ್ರಕಾರ ಸ್ವಾಧೀನದಿಂದ ಐದು ವರ್ಷದೊಳಗೆ ಕಂಡುಬಂದ ರಚನಾ ದೋಷವನ್ನು, ಕಾಮಗಾರಿಯ ದೋಷವನ್ನು ಬಿಲ್ಡರ್ 30 ದಿನದೊಳಗೆ ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕು. ಮೊದಲ ಮಳೆಗಾಲ ಮುಗಿದ ಕೂಡಲೇ ಗೋಡೆ, ಚಾವಣಿ, ಕಿಟಕಿಯ ಅಂಚುಗಳನ್ನು ಇನ್ನೊಮ್ಮೆ ನೋಡಿ, ಸೋರಿಕೆ ಕಂಡರೆ ಅವತ್ತೇ ಬರಹದಲ್ಲಿ ದೂರು ಕೊಡಿ.